ಸ್ಯಾಂಡರ್ ಹಿಡಿದಾಗ ಕೈಭಾರ ಹಾಕಬೇಡಿ

ಮೂಡಿಗೆರೆ ಹತ್ತಿರದ ನಮ್ಮ ಮನೆಯಲ್ಲಿ ಅಜ್ಜ ಮಾಡಿಸಿದ ಒಂದು ಹಲಸಿನ ಮೇಜಿದೆ. ಕಾಫಿ ಲೋಟದ ಉಂಗುರಗಳು, ಸಾರು ಚೆಲ್ಲಿದ ಕಲೆ, ಮಕ್ಕಳು ಕೈವಾರದಲ್ಲಿ ಕೊರೆದ ಹೆಸರು, ಎಲ್ಲವೂ ಅದರ ಮೇಲಿತ್ತು. ಅದನ್ನು ಚೆಂದ ಮಾಡಬೇಕು ಅಂತ ಒಂದು ಕೈ ಸ್ಯಾಂಡರ್, ಅಂದರೆ ಎಮರಿ ಪೇಪರ್ ಹಾಕಿ ಮರ ಉಜ್ಜುವ ಕರೆಂಟಿನ ಮಿಷನ್ ತಂದೆ. ಎರಡೂ ಕೈಯಲ್ಲಿ ಬಲವಾಗಿ ಒತ್ತಿ, ಒಂದೇ ಮಧ್ಯಾಹ್ನದಲ್ಲಿ ಉಜ್ಜಿ ಮುಗಿಸಿದೆ. ಮುಟ್ಟಿದರೆ ನುಣುಪಾಗಿತ್ತು. ಮರುದಿನ ಪಾಲಿಶ್ ಹಚ್ಚಿದೆ. ಅದರ ಮರುದಿನ ಬೆಳಗಿನ ಬಿಸಿಲು ಕಿಟಕಿಯಿಂದ ಓರೆಯಾಗಿ ಬಿದ್ದಾಗ ಮೇಜಿನ ತುಂಬ ಸಣ್ಣ ಸಣ್ಣ ಸುಳಿ ಗೆರೆಗಳು ಕಂಡವು. ನೂರಾರು. ಪಾಲಿಶ್ ಅವನ್ನು ಮುಚ್ಚಿರಲಿಲ್ಲ, ಎತ್ತಿ ತೋರಿಸಿತ್ತು.

ಊರಿನ ಆಚಾರ್ರನ್ನು ಕರೆದು ತೋರಿಸಿದೆ. ಅವರು ಅಂಗೈ ಆಡಿಸಿ ನೋಡಿದರು. "ಮಿಷನ್ನಿಗೇ ಭಾರ ಇದೆಯಲ್ಲಕ್ಕ, ನೀವ್ಯಾಕೆ ಮೇಲಿಂದ ಭಾರ ಹಾಕಿದ್ರಿ?" ಅಂದರು.

ಆ ಮೇಜನ್ನು ಮತ್ತೆ ಮೊದಲಿಂದ ಉಜ್ಜಿದೆ. ಆಮೇಲೆ ಬಾಗಿಲು, ಕುರ್ಚಿ, ತೂಗುಮಂಚ, ಕಾಫಿ ಬೇರಿನ ದೀಪದ ಕಂಬ ಅಂತ ಎಷ್ಟೋ ಕೆಲಸ ಮಾಡಿದ್ದೇನೆ. ಮೊದಲ ಸಲ ಸ್ಯಾಂಡರ್ ಕೊಳ್ಳುವವರಿಗೆ ನಾನು ಹೇಳುವ ಮಾತುಗಳೆಲ್ಲ ಇಲ್ಲಿವೆ. ಕೆಲಸ ಚೆನ್ನಾಗಿ ಬರುವುದಕ್ಕೂ ಮೈಗೆ ಅಪಾಯ ಆಗದೆ ಇರುವುದಕ್ಕೂ ಬೇಕಾದದ್ದು ಹೆಚ್ಚುಕಡಿಮೆ ಒಂದೇ. ಮಿಷನ್ನಿಗೆ ಅದರ ಕೆಲಸ ಮಾಡಲು ಬಿಡಬೇಕು, ಅವಸರ ಮಾಡಬಾರದು.

ಕೆಲಸಕ್ಕೆ ಯಾವ ಕಾಲ

ಇದು ಮಲೆನಾಡಿನವರಿಗೆ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಗಾಳಿಯಲ್ಲೇ ನೀರಿರುತ್ತದೆ. ಮರ ಆ ತೇವ ಹೀರಿಕೊಂಡು ಉಬ್ಬುತ್ತದೆ. ಮರದ ಎಳೆಯ, ಅಂದರೆ ನಾರಿನ, ಉದ್ದಕ್ಕೆ ಉಬ್ಬುವುದು ತೀರ ಕಡಿಮೆ, ಅಡ್ಡಕ್ಕೆ ಜಾಸ್ತಿ. ಅದಕ್ಕೇ ಮಳೆಗಾಲದಲ್ಲಿ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತದೆ. ಆಗ ತುಂಬ ಜನ ಸ್ಯಾಂಡರ್ ತೆಗೆದು ಬಾಗಿಲ ಅಂಚು ಉಜ್ಜಿಬಿಡುತ್ತಾರೆ. ದಯವಿಟ್ಟು ಬೇಡ. ಜುಲೈಯಲ್ಲಿ ಸರಿ ಮಾಡಿದ ಬಾಗಿಲು ಮಾರ್ಚಿಗೆ ಒಣಗಿ ಕುಗ್ಗಿದಾಗ ಬೆರಳು ತೂರುವಷ್ಟು ಸಂದು ಬಿಡುತ್ತದೆ. ಉಜ್ಜಿ ತೆಗೆದ ಮರ ಮತ್ತೆ ಬರುವುದಿಲ್ಲ ಅಲ್ವಾ? ಮಳೆಗಾಲದಲ್ಲಿ ಸಿಕ್ಕಿಕೊಳ್ಳುವ ಕಡೆ ಮೇಣದಬತ್ತಿ ಅಥವಾ ಒಣ ಸೋಪು ತಿಕ್ಕಿ. ಎಲ್ಲಿ ಸಿಕ್ಕಿಕೊಳ್ಳುತ್ತದೆ ಅಂತ ಪೆನ್ಸಿಲ್ ಗುರುತು ಹಾಕಿಟ್ಟುಕೊಳ್ಳಿ. ಬೇಸಿಗೆಯಲ್ಲಿ ಅದೇ ಜಾಗವನ್ನು ನೋಡಿ, ಬೇಕಾದರೆ ಮಾತ್ರ ತೆಳುವಾಗಿ ತೆಗೆಯಿರಿ.

ತೇವದ ಮರ ಸ್ಯಾಂಡರಿಗೂ ಆಗದು. ಪುಡಿ ಪೇಪರಿಗೆ ಅಂಟಿ ಮೆತ್ತಿಕೊಳ್ಳುತ್ತದೆ. ನಾನು ದೀಪಾವಳಿ ಕಳೆದ ಮೇಲೆ ಶುರುಮಾಡಿ ಮೇ ತಿಂಗಳ ಒಳಗೆ ಮುಗಿಸುತ್ತೇನೆ. ಆದರೆ ನವೆಂಬರ್‌ನಿಂದ ಮಾರ್ಚ್‌ವರೆಗೆ ಕಣದಲ್ಲಿ ಕಾಫಿ ಒಣಗುತ್ತಿರುತ್ತದೆ. ಧೂಳು ಅದರ ಮೇಲೆ ಕೂರದ ಹಾಗೆ ಕಣದಿಂದ ದೂರ, ಗಾಳಿ ಆ ಕಡೆ ಬೀಸದ ಜಾಗ ಆರಿಸಿಕೊಳ್ಳಿ.

ಯಾವ ಮಿಷನ್

ಅಂಗಡಿಯಲ್ಲಿ "ಸ್ಯಾಂಡರ್ ಕೊಡಿ" ಅಂದರೆ ನಾಲ್ಕು ಬಗೆ ತೋರಿಸುತ್ತಾರೆ.

ಚೌಕ ತಳದ್ದು ಆರ್ಬಿಟಲ್ ಸ್ಯಾಂಡರ್. ಎಮರಿ ಹಾಳೆಯ ಕಾಲು ಭಾಗ ಕತ್ತರಿಸಿ, ಕ್ಲಿಪ್ಪಿಗೆ ಸಿಗಿಸಿದರೆ ಆಯಿತು. ಬೆಲೆ ಕಡಿಮೆ, ಪೇಪರ್ ಎಲ್ಲಿ ಬೇಕಾದರೂ ಸಿಗುತ್ತದೆ, ಮೂಲೆಗೂ ಹೋಗುತ್ತದೆ. ಮರ ತೆಗೆಯುವುದು ನಿಧಾನ. ಕೊನೆಯ ನುಣುಪಿಗೆ, ಪ್ರೈಮರ್ ಮೇಲೆ ಉಜ್ಜಲಿಕ್ಕೆ ಚೆನ್ನಾಗಿದೆ.

ದುಂಡು ತಳದ್ದು ರ‍್ಯಾಂಡಮ್ ಆರ್ಬಿಟಲ್. ಸಾಮಾನ್ಯವಾಗಿ 125 ಮಿ.ಮೀ. ಅಗಲ. ಇದರ ತಳ ತಾನೂ ತಿರುಗುತ್ತದೆ, ಜೊತೆಗೆ ಸಣ್ಣ ಸುತ್ತು ಹಾಕುತ್ತಾ ಅಲುಗುತ್ತದೆ. ಎರಡು ಚಲನೆ ಬೆರೆಯುವುದರಿಂದ ಒಂದೇ ಗೆರೆಯ ಮೇಲೆ ಮರಳು ಮತ್ತೆ ಮತ್ತೆ ಓಡುವುದಿಲ್ಲ. ಹಾಗಾಗಿ ಗೀರು ಕಾಣಿಸುವುದು ಕಡಿಮೆ. ಮನೆಗೆ ಒಂದೇ ಮಿಷನ್ ತರುವುದಾದರೆ ಇದನ್ನೇ ತನ್ನಿ. ವೇಗ ಬದಲಿಸುವ ಗಾಲಿ ಇರುವುದನ್ನು ಆರಿಸಿ.

ಬೆಲ್ಟ್ ಸ್ಯಾಂಡರ್ ಬಲಿಷ್ಠ. ಹಲಗೆಗಳ ಏರುತಗ್ಗು ತೆಗೆಯಲು ಸರಿ. ಆದರೆ ಒಂದೆರಡು ಸೆಕೆಂಡು ಒಂದೇ ಕಡೆ ನಿಂತರೆ ಗುಳಿ ಬೀಳುತ್ತದೆ. ಮೊದಲ ಮಿಷನ್ ಆಗಿ ಇದು ಬೇಡ. ಇಸ್ತ್ರಿಪೆಟ್ಟಿಗೆಯಂತೆ ಮೂರು ಮೂಲೆ ಇರುವ ಸಣ್ಣದು ಕಿಟಕಿ, ಕುರ್ಚಿ ಸಂದಿಗಳಿಗೆ.

ಐದನೆಯದೊಂದನ್ನು ಇಲ್ಲೇ ಹೇಳಬೇಕು. ತುಂಬ ಮನೆಗಳಲ್ಲಿ ಕಬ್ಬಿಣ ಕತ್ತರಿಸುವ, ಉಜ್ಜುವ ಕೈ ಗ್ರೈಂಡರ್ ಇರುತ್ತದೆ. ಅದಕ್ಕೇ ಫ್ಲಾಪ್ ಡಿಸ್ಕ್ (ಎಮರಿ ತುಂಡುಗಳನ್ನು ಸುತ್ತ ಅಂಟಿಸಿದ ಬಿಲ್ಲೆ) ಹಾಕಿ ಮರ ಉಜ್ಜುತ್ತಾರೆ. ನಾಲ್ಕಿಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಮರ ಸುಟ್ಟು ಕಪ್ಪಾಗುತ್ತದೆ, ಹಳ್ಳ ಬೀಳುತ್ತದೆ, ಕೈಯಿಂದ ಹಾರುವ ಸಾಧ್ಯತೆಯೂ ಇದೆ. ಗಾರ್ಡ್ ಬಿಚ್ಚಿ ಬಳಸುವವರನ್ನೂ ನೋಡಿದ್ದೇನೆ, ಎದೆ ಝಲ್ ಅನ್ನುತ್ತದೆ. ಮೇಜು ಬಾಗಿಲು ನುಣುಪು ಮಾಡುವ ಕೆಲಸಕ್ಕೆ ಅದು ಬೇಡವೇ ಬೇಡ.

ಪೇಪರಿನ ನಂಬರ್

ಪೇಪರಿನ ಹಿಂದೆ ಒಂದು ನಂಬರ್ ಇರುತ್ತದೆ. ನಂಬರ್ ಕಡಿಮೆ ಇದ್ದಷ್ಟು ಕಾಳು ದಪ್ಪ. 40, 60 ಅಂದರೆ ಒರಟು. 80, 100, 120 ಮಧ್ಯಮ. 150, 180, 220 ನಯ. 320ರಿಂದ ಮೇಲೆ ಪಾಲಿಶಿನ ಕೋಟುಗಳ ನಡುವೆ ಬಳಸುವುದು.

ಒಂದು ನಂಬರಿನ ಕೆಲಸ ಹಿಂದಿನ ನಂಬರಿನ ಗೀರನ್ನು ಅಳಿಸುವುದು, ಅಷ್ಟೆ. ಇದು ಮನಸ್ಸಿಗೆ ಹಿಡಿದರೆ ಮುಕ್ಕಾಲು ವಿದ್ಯೆ ಬಂದಂತೆ. ಅದಕ್ಕೇ ಮುಂದಿನ ನಂಬರ್ ಹಿಂದಿನದರ ಒಂದೂವರೆ ಪಟ್ಟಿಗಿಂತ ಹೆಚ್ಚು ಹಾರಬಾರದು. 80, ಆಮೇಲೆ 120, ಆಮೇಲೆ 180. ನಾನು ಹಲಸಿನ ಮೇಜಿಗೆ ಮಾಡಿದ ಎರಡನೇ ತಪ್ಪು ಇದೇ. 60ರಿಂದ ನೇರ 180ಕ್ಕೆ ಹೋಗಿದ್ದೆ. 180ರ ಸಣ್ಣ ಕಾಳು 60ರ ಆಳದ ಗೀರನ್ನು ಅಳಿಸಲು ಆಗಲಿಲ್ಲ. ಸುತ್ತಲಿನ ಮರವನ್ನಷ್ಟೆ ಹೊಳೆಸಿತು.

ಎಲ್ಲಿಂದ ಶುರು ಮಾಡಬೇಕು? ಹಳೇ ವಾರ್ನಿಶ್ ಇದ್ದರೆ 60 ಅಥವಾ 80. ತೋಪಡ ಹೊಡೆದ ಹೊಸ ಹಲಗೆಗೆ 100 ಅಥವಾ 120 ಸಾಕು. ಅನುಮಾನ ಇದ್ದರೆ ನಯವಾದದ್ದನ್ನೇ ಮೊದಲು ಒಂದು ಮೂಲೆಯಲ್ಲಿ ಹಾಕಿ ನೋಡಿ. ಕೆಲಸ ಆಗದಿದ್ದರೆ ಮಾತ್ರ ಒರಟಿಗೆ ಇಳಿಯಿರಿ.

ಪೇಪರಿನಲ್ಲಿ ಜಿಪುಣತನ ಮಾಡಬೇಡಿ. ಮೊಂಡಾದ ಪೇಪರ್ ಕತ್ತರಿಸುವುದಿಲ್ಲ, ಬಿಸಿ ಮಾಡುತ್ತದೆ. ಆಗ ಕೈ ತಾನಾಗಿ ಒತ್ತಲು ಶುರು ಮಾಡುತ್ತದೆ. ಎರಡನೇ ಸಲ ಉಜ್ಜಿದಾಗ ನನ್ನ ಮೇಜಿಗೆ 80 ನಂಬರಿನ ದುಂಡು ಪೇಪರೇ ಐದು ಬಿಲ್ಲೆ ಹಿಡಿಯಿತು. ಧೂಳು ಮೆತ್ತಿಕೊಂಡ ಬಿಲ್ಲೆಯನ್ನು ಮಾತ್ರ ಎಸೆಯಬೇಡಿ. ಕ್ರೇಪ್ ರಬ್ಬರಿನ ತುಂಡು ಸಿಕ್ಕರೆ ಅದಕ್ಕೆ ಒತ್ತಿ ಉಜ್ಜಿ. ಮೆತ್ತಿದ್ದು ಉದುರಿ ಕಾಳು ಮತ್ತೆ ಕಾಣುತ್ತದೆ.

ನಮ್ಮ ಮರಗಳು

ಒಂದೊಂದು ಮರದ ಗುಣ ಒಂದೊಂದು. ಹಲಸು ಸ್ಯಾಂಡರಿಗೆ ಒಳ್ಳೇ ಮರ. ಉಜ್ಜಿದ ತಕ್ಷಣ ಅರಿಶಿನದ ಹಾಗೆ ಹಳದಿ ಕಾಣುತ್ತದೆ, ದಿನ ಕಳೆದಂತೆ ಕಂದು ಬಣ್ಣಕ್ಕೆ ತಿರುಗುತ್ತದೆ. ಆ ಹಳದಿ ನೋಡಿ ಗಾಬರಿಯಾಗಿ ಬಣ್ಣ ಬೆರೆಸಬೇಡಿ. ಸಾಗುವಾನಿಯಲ್ಲಿ ಎಣ್ಣೆ ಅಂಶ ಇದೆ, ಮರಳಿನ ಅಂಶವೂ ಇದೆ. ಪೇಪರ್ ಬೇಗ ಮೆತ್ತಿಕೊಳ್ಳುತ್ತದೆ, ಬೇಗ ಮೊಂಡಾಗುತ್ತದೆ. ವೇಗ ಸ್ವಲ್ಪ ಇಳಿಸಿದರೆ ಒಳ್ಳೆಯದು.

ಬೀಟೆ ಗಟ್ಟಿ. ಅದರ ಧೂಳು ಕೆಲವರಿಗೆ ಮೈ ಕಡಿತ, ಸೀನು, ಉಬ್ಬಸ ತರುತ್ತದೆ. ಮೊದಲ ದಿನ ಏನೂ ಆಗದೆ, ಎಷ್ಟೋ ದಿನ ಕೆಲಸ ಮಾಡಿದ ಮೇಲೆ ಅಲರ್ಜಿ ಶುರುವಾಗಬಹುದು. ತೋಟದ ನೆರಳಿಗೆ ಬೆಳೆಸುವ ಸಿಲ್ವರ್ ಓಕ್ ಈಗ ಎಲ್ಲ ಮನೆಗಳಲ್ಲೂ ಹಲಗೆಯಾಗಿ ಬಂದಿದೆ. ನೋಡಲು ಬಲು ಚೆಂದ, ಬಲೆಯ ಹಾಗೆ ಮಿನುಗುವ ಎಳೆ. ಮೃದು ಮರವಾದ್ದರಿಂದ 120ರಿಂದ ಶುರು ಮಾಡಿ. ಇದೂ ಕೆಲವರ ಚರ್ಮಕ್ಕೆ ಆಗುವುದಿಲ್ಲ. ತುಂಬು ತೋಳಿನ ಅಂಗಿ ಹಾಕಿಕೊಳ್ಳಿ.

ಕಾಫಿ ಗಿಡದ ಬುಡ, ಬೇರಿನಿಂದ ದೀಪ, ಸ್ಟೂಲು ಮಾಡುವವರು ಚಿಕ್ಕಮಗಳೂರು ಕಡೆ ಇದ್ದಾರೆ. ಆ ಮರದ ಎಳೆ ಸಣ್ಣದು, ಮರ ಗಟ್ಟಿ. ಅಂಕುಡೊಂಕು ಇರುವ ಕಡೆ ಚಪ್ಪಟೆ ತಳದ ಸ್ಯಾಂಡರ್ ಏಣುಗಳನ್ನು ಬೋಳು ಮಾಡಿಬಿಡುತ್ತದೆ. ಮಿಷನ್ ತಳ ಮತ್ತು ಪೇಪರ್ ನಡುವೆ ಸ್ಪಂಜಿನ ಮೆತ್ತೆ ಹಾಕಿದರೆ ತಿರುವಿಗೆ ಬಾಗುತ್ತದೆ. ಉಳಿದದ್ದು ಕೈಯಲ್ಲೇ.

ಅಂಗಡಿಯ ಪ್ಲೈವುಡ್ ಮೇಲಿನ ಸಾಗುವಾನಿ ಪದರ ಅರ್ಧ ಮಿಲಿಮೀಟರೋ ಅದಕ್ಕಿಂತ ಕಡಿಮೆಯೋ ಇರುತ್ತದೆ. ಅದನ್ನು 80 ನಂಬರಿನಲ್ಲಿ ಉಜ್ಜಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕೆಳಗಿನ ಪದರ ಬಂದುಬಿಡುತ್ತದೆ. ಕೈಯಲ್ಲಿ 180 ಅಥವಾ 220, ಅಷ್ಟೇ.

ಧೂಳು

ಸ್ಯಾಂಡರಿನಲ್ಲಿ ಬೆರಳು ತುಂಡಾಗುವ ಭಯ ಗರಗಸದಷ್ಟಿಲ್ಲ. ಅದಕ್ಕೇ ಜನ ಇದನ್ನು ಹಗುರವಾಗಿ ನೋಡುತ್ತಾರೆ. ಇದರ ಅಪಾಯ ಕಣ್ಣಿಗೆ ಕಾಣುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮರದ ಧೂಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಮೂಗು ಮತ್ತು ಮೂಗಿನ ಸುತ್ತಲಿನ ಪೊಳ್ಳುಗಳಿಗೆ ಅದರಿಂದ ಅಪಾಯ. ವರ್ಷಗಟ್ಟಲೆ ಧೂಳಲ್ಲೇ ದುಡಿಯುವ ಬಡಗಿಗಳಿಗೆ ಈ ಅಪಾಯ ಜಾಸ್ತಿ. ವರ್ಷಕ್ಕೊಂದು ಮೇಜು ಉಜ್ಜುವವರು ಹೆದರಬೇಕಾಗಿಲ್ಲ, ಆದರೆ ಉಸಿರಿನಲ್ಲಿ ಎಳೆದುಕೊಳ್ಳುವ ಅಗತ್ಯವೂ ಇಲ್ಲ. ನೀವು ಕೂಲಿಗೆ ಆಳು ಕರೆಸಿ ಉಜ್ಜಿಸುವುದಾದರೆ ಅವರಿಗೆ ಮಾಸ್ಕ್ ಕೊಡುವುದು ನಿಮ್ಮ ಜವಾಬ್ದಾರಿ. ಊಟ, ಕಾಫಿ ಕೊಡುವಷ್ಟೇ ಸಹಜವಾಗಿ ಅದನ್ನೂ ಕೊಡಿ.

ಮುಖಕ್ಕೆ ಟವೆಲ್ ಸುತ್ತಿಕೊಂಡರೆ ಸಾಲದು. ದಪ್ಪ ಹೊಟ್ಟು ತಡೆಯುತ್ತದೆ, ನಯ ಧೂಳು ಒಳಗೆ ಹೋಗುತ್ತದೆ. ಎನ್95 ಮಾಸ್ಕ್ ಬೇಕು. ಮೂಗಿನ ಮೇಲಿನ ತಂತಿ ಒತ್ತಿ ಕೂರಿಸಿ. ಗಡ್ಡ ಇದ್ದರೆ ಬದಿಯಿಂದ ಗಾಳಿ ನುಗ್ಗುತ್ತದೆ. ಕಣ್ಣಿಗೆ ಬದಿ ಮುಚ್ಚುವ ಕನ್ನಡಕ, ಕಿವಿಗೆ ಪ್ಲಗ್ ಅಥವಾ ಮಫ್. ಕಿವಿಯದ್ದನ್ನು ಎಲ್ಲರೂ ಬಿಡುತ್ತಾರೆ. ಒಂದು ಗಂಟೆ ಕೆಲಸ ಮಾಡಿ ನಿಲ್ಲಿಸಿದಾಗ ಕಿವಿಯಲ್ಲಿ ಗುಂಯ್ ಅಂದರೆ, ಕಿವಿಗೆ ಪೆಟ್ಟಾಗುತ್ತಿದೆ ಅಂತಲೇ ಅರ್ಥ.

ಜಗುಲಿಯಲ್ಲೋ ಅಂಗಳದಲ್ಲೋ ಮಾಡಿ. ಗಾಳಿ ನಿಮ್ಮ ಬೆನ್ನ ಕಡೆಯಿಂದ ಒಂದು ಪಕ್ಕಕ್ಕೆ ಹಾಯುವ ಹಾಗೆ ನಿಲ್ಲಿ. ಸ್ಯಾಂಡರ್ ತಳದ ತೂತು ಮತ್ತು ಪೇಪರಿನ ತೂತು ಒಂದಕ್ಕೊಂದು ಸರಿಯಾಗಿ ಕೂರಬೇಕು. ಕೂತರೆ ಮಾತ್ರ ಧೂಳು ಚೀಲಕ್ಕೆ ಹೋಗುತ್ತದೆ. ವ್ಯಾಕ್ಯೂಮ್ ಕ್ಲೀನರ್ ಕೊಳವೆ ಜೋಡಿಸಿದರೆ ಇನ್ನೂ ಒಳ್ಳೆಯದು. ಧೂಳು ಕಡಿಮೆಯಾಗುವುದಷ್ಟೇ ಅಲ್ಲ, ಪೇಪರ್ ಮೆತ್ತಿಕೊಳ್ಳದೆ ಹೆಚ್ಚು ಹೊತ್ತು ಕತ್ತರಿಸುತ್ತದೆ. ಮುಗಿದ ಮೇಲೆ ಒಣ ಪೊರಕೆಯಲ್ಲಿ ಗುಡಿಸಬೇಡಿ. ನೀರು ಚಿಮುಕಿಸಿ ಗುಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಹಳೇ ಬಣ್ಣದ ಬಾಗಿಲುಗಳು

ಇದನ್ನು ಬೇರೆಯಾಗಿಯೇ ಹೇಳುತ್ತೇನೆ. ನಮ್ಮ ಕಡೆಯ ಹಳೇ ಮನೆಗಳಲ್ಲಿ ಹಸಿರು, ನೀಲಿ ಎನಾಮಲ್ ಬಳಿದ ಕಿಟಕಿ ಬಾಗಿಲು ಇರುತ್ತವೆ. ಪದರದ ಮೇಲೆ ಪದರ. ಆ ಕಾಲದ ಎನಾಮಲ್ ಬಣ್ಣಗಳಲ್ಲಿ ಸೀಸ ಬಳಸುತ್ತಿದ್ದರು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದು ಅಂತ ಕೇಂದ್ರ ಸರ್ಕಾರ 2016ರಲ್ಲಿ ನಿಯಮ ತಂದಿತು. ಅದು ಜಾರಿಗೆ ಬಂದದ್ದು 2017ರ ನವೆಂಬರ್ 1ರಿಂದ. ಅದಕ್ಕಿಂತ ಹಿಂದಿನ ಬಣ್ಣದಲ್ಲಿ ಸೀಸ ಇದೆ ಅಂತಲೇ ತಿಳಿದು ನಡೆಯಿರಿ.

ಅಂಥ ಬಣ್ಣದ ಮೇಲೆ ಒಣ ಸ್ಯಾಂಡರ್ ಆಡಿಸಬಾರದು. ಸೀಸದ ಧೂಳು ಮನೆಯೆಲ್ಲ ಹರಡುತ್ತದೆ. ನೆಲದಲ್ಲಿ ಅಂಬೆಗಾಲಿಡುವ ಮಗು ಕೈ ಬಾಯಿಗೆ ಹಾಕುತ್ತದೆ. ಸೀಸ ಮಕ್ಕಳ ಮಿದುಳಿಗೆ ಮಾಡುವ ಹಾನಿ ಮತ್ತೆ ಸರಿಹೋಗುವುದಿಲ್ಲ. ಬಣ್ಣ ಕಳಚುವ ಪೇಂಟ್ ರಿಮೂವರ್ ಹಚ್ಚಿ, ಮೆತ್ತಗಾದ ಮೇಲೆ ಕೆರೆದು ತೆಗೆಯಿರಿ. ಅಥವಾ ನೀರು ಸಿಂಪಡಿಸುತ್ತಾ ವಾಟರ್ ಪೇಪರಿನಲ್ಲಿ (ಒದ್ದೆಯಾದರೂ ಹಾಳಾಗದ ಎಮರಿ) ಕೈಯಿಂದ ಉಜ್ಜಿ. ಬೆಂಕಿ ಹಿಡಿದು ಸುಡುವುದು ಬೇಡ, ಹೊಗೆಯಲ್ಲೂ ಸೀಸ ಬರುತ್ತದೆ. ಕೆಳಗೆ ಪ್ಲಾಸ್ಟಿಕ್ ಹಾಸಿ, ಬಿದ್ದದ್ದನ್ನೆಲ್ಲ ಅದರಲ್ಲೇ ಸುತ್ತಿ ಕಟ್ಟಿ. ಗೊಬ್ಬರದ ಗುಂಡಿಗೆ ಹಾಕಬೇಡಿ, ಒಲೆಗೂ ಬೇಡ. ಮಕ್ಕಳನ್ನೂ ಬಸುರಿಯರನ್ನೂ ಆ ದಿನ ಬೇರೆ ಕಡೆ ಇರಿಸಿ. ಬಣ್ಣ ಗಟ್ಟಿಯಾಗಿದ್ದು, ಎಲ್ಲೂ ಎದ್ದಿಲ್ಲ ಅಂದರೆ ತೆಗೆಯುವ ಗೋಜಿಗೇ ಹೋಗದೆ ಮೇಲೆ ಹೊಸ ಬಣ್ಣ ಬಳಿಯುವುದೇ ಜಾಣತನ.

ತೊಲೆ, ಜಂತಿಗಳಿಗೆ ಗೆದ್ದಲು ಬರಬಾರದು ಅಂತ ಗೇರೆಣ್ಣೆಯನ್ನೋ ಹಳೇ ಎಂಜಿನ್ ಆಯಿಲನ್ನೋ ಬಳಿದಿರುತ್ತಾರೆ. ಅವನ್ನೂ ಉಜ್ಜಲು ಹೋಗಬೇಡಿ. ಗೇರೆಣ್ಣೆಯ ಧೂಳಿನಿಂದ ಚರ್ಮ ಕೆರಳಬಹುದು, ಎಂಜಿನ್ ಆಯಿಲ್ ಪೇಪರನ್ನು ಹಾಳು ಮಾಡುತ್ತದೆ.

ಕರೆಂಟು

ಸ್ಯಾಂಡರಿನ ಸ್ವಿಚ್ ಪಕ್ಕ ಒಂದು ಲಾಕ್ ಗುಂಡಿ ಇರುತ್ತದೆ. ಒತ್ತಿದರೆ ಸ್ವಿಚ್ ಹಿಡಿದೇ ಇರಬೇಕಾಗಿಲ್ಲ. ಕೆಲವದರಲ್ಲಿ ಸ್ವಿಚ್ಚೇ ಹಾಕಿ ಬಿಡುವ ಥರದ್ದು. ಈಗ ಯೋಚಿಸಿ, ಕೆಲಸದ ನಡುವೆ ಕರೆಂಟು ಹೋಯಿತು. ನಮ್ಮ ಕಡೆ ಇದು ದಿನದ ಮಾತು. ನೀವು ಮಿಷನ್ ಮೇಜಿನ ಮೇಲಿಟ್ಟು ಒಳಗೆ ಕಾಫಿ ಕುಡಿಯಲು ಹೋದಿರಿ. ಕರೆಂಟು ಬಂತು. ಮಿಷನ್ ತಾನೇ ಓಡಲು ಶುರು ಮಾಡಿ ಮೇಜಿನಿಂದ ಹಾರುತ್ತದೆ. ಪಕ್ಕದಲ್ಲಿ ಮಗು ಇದ್ದರೆ? ಕರೆಂಟು ಹೋದ ತಕ್ಷಣ ಸ್ವಿಚ್ ಆರಿಸಿ, ಪ್ಲಗ್ ಕಿತ್ತಿಡಿ. ಇದು ಅಭ್ಯಾಸ ಆಗಲೇಬೇಕು. ಪೇಪರ್ ಬದಲಿಸುವಾಗಲೂ ಪ್ಲಗ್ ಕಿತ್ತೇ ಬದಲಿಸಿ. ಪ್ಲಗ್ ಹಾಕುವ ಮುಂಚೆ ಸ್ವಿಚ್ ಆಫ್ ಇದೆಯಾ ನೋಡಿ.

ಚೌಕದೊಳಗೆ ಚೌಕದ ಗುರುತು ಮಿಷನ್ ಮೇಲಿದ್ದರೆ ಅದಕ್ಕೆ ಎರಡು ಪದರದ ರಕ್ಷಣೆ ಇದೆ ಅಂತ. ಅದಕ್ಕೆ ಎರಡೇ ಪಿನ್ ಇರುತ್ತದೆ, ಅರ್ಥಿಂಗ್ ಬೇಕಿಲ್ಲ. ಹಾಗಂತ ಒದ್ದೆ ನೆಲದ ಮೇಲೆ, ತುಂತುರು ಮಳೆಯಲ್ಲಿ ಬಳಸುವಂತಿಲ್ಲ. ಮನೆಯ ಬೋರ್ಡಿನಲ್ಲಿ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಬೀಳುವ ಸ್ವಿಚ್) ಹಾಕಿಸಿದ್ದರೆ ಶಾಕ್ ಹೊಡೆದಾಗ ಕಣ್ಣು ಮುಚ್ಚಿ ತೆರೆಯುವುದರೊಳಗೆ ಕರೆಂಟು ಕಡಿದುಹಾಕುತ್ತದೆ. ಎಕ್ಸ್‌ಟೆನ್ಷನ್ ವೈರ್ ಸುತ್ತಿಟ್ಟಿದ್ದರೆ ಪೂರ್ತಿ ಬಿಚ್ಚಿ ಬಳಸಿ, ಸುತ್ತಿದ ವೈರ್ ಬಿಸಿಯಾಗುತ್ತದೆ. ಮಿಷನ್ನಿನ ವೈರನ್ನು ಹೆಗಲ ಮೇಲಿಂದ ಹಿಂದಕ್ಕೆ ಬಿಟ್ಟರೆ ತಳಕ್ಕೆ ಸಿಕ್ಕುವುದಿಲ್ಲ.

ನಮ್ಮಂಥ ಹೆಂಗಸರಿಗೆ ಇನ್ನೊಂದು ಮಾತು. ಸೆರಗು, ವೇಲ್ ಎರಡೂ ಬೇಡ. ಕೂದಲು ಎತ್ತಿ ಕಟ್ಟಿ. ಬಳೆ, ಉದ್ದ ಸರ ತೆಗೆದಿಡಿ. ತಿರುಗುವ ಯಾವ ಮಿಷನ್ನಿಗೂ ಇದೇ ನಿಯಮ.

ಇನ್ನು ಉಜ್ಜೋಣ

ಮೊದಲು ಮರದ ಮೇಲೆ ಅಂಗೈ ಆಡಿಸಿ ಮೊಳೆ ಹುಡುಕಿ. ಹಳೇ ಮೇಜುಗಳಲ್ಲಿ ಮೊಳೆ ತಲೆ ಹೊರಗಿರುತ್ತದೆ. ಅದು ಪೇಪರ್ ಹರಿಯುತ್ತದೆ, ಕಿಡಿಯೂ ಹಾರಿಸುತ್ತದೆ. ಆ ಕಿಡಿ ಚೀಲದ ಧೂಳಿಗೆ ಬಿದ್ದರೆ ಒಳಗೊಳಗೇ ಕನಲುತ್ತದೆ. ಮೊಳೆ ಕೀಳಿ, ಇಲ್ಲವೇ ಪಂಚ್ ಇಟ್ಟು ಮರದೊಳಗೆ ಇಳಿಸಿ. ಮೇಣ, ಎಣ್ಣೆ ಜಿಡ್ಡು ಇದ್ದರೆ ಒರೆಸಿ ಒಣಗಿಸಿ. ಸಣ್ಣ ತುಂಡಾದರೆ ಸಿ-ಕ್ಲಾಂಪ್ ಹಾಕಿ ಬಿಗಿಯಿರಿ. ಒಂದು ಕೈಯಲ್ಲಿ ಮರ, ಇನ್ನೊಂದರಲ್ಲಿ ಮಿಷನ್ ಹಿಡಿಯಬೇಡಿ.

ಈಗ ಮೇಜಿನ ತುಂಬ ಪೆನ್ಸಿಲ್‌ನಿಂದ ತೆಳುವಾಗಿ ಅಡ್ಡಾದಿಡ್ಡಿ ಗೆರೆ ಹಾಕಿ. ಈ ಗೆರೆಗಳೇ ನಿಮ್ಮ ಲೆಕ್ಕದ ಪುಸ್ತಕ. ಗೆರೆ ಅಳಿಸಿಹೋದ ಕಡೆ ಕೆಲಸ ಆಗಿದೆ, ಉಳಿದ ಕಡೆ ಆಗಿಲ್ಲ. ನಂಬರ್ ಬದಲಿಸಿದಾಗಲೆಲ್ಲ ಹೊಸದಾಗಿ ಗೆರೆ ಎಳೆಯಿರಿ.

ರ‍್ಯಾಂಡಮ್ ಆರ್ಬಿಟಲ್ ಆದರೆ ತಳವನ್ನು ಮರದ ಮೇಲೆ ಚಪ್ಪಟೆಯಾಗಿ ಇಟ್ಟು ಆಮೇಲೆ ಸ್ವಿಚ್ ಹಾಕಿ. ಗಾಳಿಯಲ್ಲಿ ಪೂರ್ತಿ ವೇಗ ಹಿಡಿಸಿ ಇಳಿಸಿದರೆ ಮೊದಲು ತಾಗಿದ ಅಂಚು ಮರವನ್ನು ಕಚ್ಚುತ್ತದೆ. ಬೆಲ್ಟ್ ಸ್ಯಾಂಡರಿಗೆ ಇದು ತಿರುಗುಮುರುಗು. ಅದನ್ನು ಎತ್ತಿ ಹಿಡಿದು ಓಡಿಸಿ, ಆಮೇಲೆ ಮೆಲ್ಲನೆ ಇಳಿಸಿ, ಇಳಿಸಿದ ಕೂಡಲೇ ಮುಂದೆ ಸಾಗಿಸಿ. ನಿಲ್ಲಿಸುವಾಗ ಎರಡನ್ನೂ ಓಡುತ್ತಿರುವಾಗಲೇ ನೇರ ಮೇಲಕ್ಕೆ ಎತ್ತಿ ಆರಿಸಿ. ತಳ ಪೂರ್ತಿ ನಿಲ್ಲುವವರೆಗೆ ಕೆಳಗಿಡಬೇಡಿ.

ಕೈ ಮಿಷನ್ನನ್ನು ನಡೆಸಬೇಕು, ಅದುಮಬಾರದು. ಅದುಮಿದರೆ ತಳ ತಿರುಗುವುದು ನಿಂತುಹೋಗಿ ಬರೀ ಅಲುಗುತ್ತದೆ. ಸುಳಿ ಗೆರೆ ಬೀಳುವುದೇ ಆಗ. ಬಿಸಿ ಏರಿ, ಪೇಪರ್ ಅಂಟುವ ಮುಳ್ಳುಪಟ್ಟಿ (ವೆಲ್ಕ್ರೋ) ಕರಗುತ್ತದೆ. ಆಮೇಲೆ ಬಿಲ್ಲೆ ಹಾರಿಹೋಗಲು ಶುರುವಾಗುತ್ತದೆ. ತಳದ ಅಂಚಿನಲ್ಲಿ ಒಂದು ಪೆನ್ ಗುರುತು ಹಾಕಿಡಿ. ಉಜ್ಜುವಾಗ ಆ ಗುರುತು ತಿರುಗುವುದು ಕಾಣಬೇಕು. ಅದು ನಿಂತರೆ ನೀವು ಒತ್ತುತ್ತಿದ್ದೀರಿ ಅಂತ.

ಮಿಷನ್ ಸಾಗಿಸುವುದೂ ನಿಧಾನವಾಗಿರಲಿ. ಒಂದು ಅಡಿ ದೂರ ಸಾಗಲು ಹತ್ತು ಹನ್ನೆರಡು ಸೆಕೆಂಡು ಬೇಕು. ಮೊದಲ ಸಲ ಇದು ತೀರಾ ನಿಧಾನ ಅನ್ನಿಸುತ್ತದೆ. ಎಳೆಯ ಉದ್ದಕ್ಕೆ ಸಾಲು ಹಿಡಿದು ಹೋಗಿ, ವಾಪಸ್ ಬರುವಾಗ ಹಿಂದಿನ ಸಾಲಿನ ಅರ್ಧ ಮೇಲೆ ಬರುವಂತೆ ಬನ್ನಿ. ಅಂಚು ತಲುಪಿದಾಗ ತಳದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಹೊರಗೆ ಹೋಗಬಾರದು. ಹೋದರೆ ಮಿಷನ್ ವಾಲಿ ಅಂಚು ಬೋಳಾಗುತ್ತದೆ. ಒಂದು ಕಲೆ ಹೋಗಲಿಲ್ಲ ಅಂತ ಮಿಷನ್ ಓರೆ ಮಾಡಿ ಅಲ್ಲೇ ಕೆರೆಯಬೇಡಿ. ಅಲ್ಲಿ ತಟ್ಟೆಯಂತೆ ತಗ್ಗು ಬಿದ್ದು, ಪಾಲಿಶ್ ಆದ ಮೇಲೆ ಎದ್ದು ಕಾಣುತ್ತದೆ. ಮಕ್ಕಳು ಕೊರೆದ ಹೆಸರನ್ನು ನಾನು ಪೂರ್ತಿ ತೆಗೆಯಲಿಲ್ಲ. ತೆಗೆಯಲು ಹೋಗಿದ್ದರೆ ಇಡೀ ಮೇಜನ್ನು ಎರಡು ಮಿಲಿಮೀಟರ್ ಇಳಿಸಬೇಕಿತ್ತು. ಈಗ ಅದು ಅಲ್ಲಿರುವುದೇ ನನಗೆ ಇಷ್ಟ.

ಇಪ್ಪತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ. ಬೆರಳು ಜುಮ್ಮೆನ್ನಲು ಶುರುವಾದರೆ ಆಗಲೇ ತಡವಾಗಿದೆ.

ಒಂದು ನಂಬರ್ ಮುಗಿದ ಮೇಲೆ ಮೇಜನ್ನು ಪೂರ್ತಿ ಒರೆಸಿ. ಹಿಂದಿನ ಪೇಪರಿನಿಂದ ಉದುರಿದ ಒಂದು ದಪ್ಪ ಕಾಳು ಉಳಿದರೂ ಮುಂದಿನ ಬಿಲ್ಲೆಯಡಿ ಸಿಕ್ಕಿ ಗೀರು ಎಳೆಯುತ್ತದೆ. ಮತ್ತೆ ಸಂಜೆಯಾಗಲಿ. ಕೋಣೆಯ ದೀಪ ಆರಿಸಿ, ಟಾರ್ಚನ್ನು ಮೇಜಿನ ಮಟ್ಟಕ್ಕೆ ಹಿಡಿದು ಓರೆಯಾಗಿ ಬೆಳಕು ಬಿಡಿ. ಹಗಲಲ್ಲಿ ಅಡಗಿದ್ದ ಗೀರೆಲ್ಲ ಕಾಣುತ್ತವೆ. ಈ ಒಂದು ಕೆಲಸ ಮೊದಲೇ ಮಾಡಿದ್ದರೆ ನನ್ನ ಪಾಲಿಶ್ ವ್ಯರ್ಥ ಆಗುತ್ತಿರಲಿಲ್ಲ.

ಕೊನೆಯ ನಂಬರಿಗೆ ಮುಂಚೆ ಹಿಂಡಿದ ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿ ಒಣಗಲು ಬಿಡಿ. ಮಲಗಿದ್ದ ಎಳೆಗಳು ಎದ್ದು ಮುಟ್ಟಿದರೆ ಒರಟು ಅನ್ನಿಸುತ್ತದೆ. ಅವನ್ನು 180 ಅಥವಾ 220ರಲ್ಲಿ ಹಗುರವಾಗಿ ತೆಗೆದರೆ ಪಾಲಿಶ್ ಹಚ್ಚಿದಾಗ ಮತ್ತೆ ಏಳುವುದಿಲ್ಲ. ಕಡೆಗೆ ಮಿಷನ್ ಬದಿಗಿಟ್ಟು, ಅದೇ ನಂಬರಿನ ಪೇಪರನ್ನು ಒಂದು ಮರದ ತುಂಡಿಗೆ ಸುತ್ತಿ, ಎಳೆಯ ಉದ್ದಕ್ಕೆ ಕೈಯಲ್ಲಿ ನಾಲ್ಕು ಸಲ ಎಳೆಯಿರಿ. ಅಳಿದುಳಿದ ಸುಳಿ ಹೋಗುತ್ತದೆ. ಹಲಗೆಯ ಕೊನೆಯ ಕಡಿತದ ಭಾಗ ಪಾಲಿಶ್ ಜಾಸ್ತಿ ಹೀರಿ ಕಪ್ಪಾಗುತ್ತದೆ, ಅಲ್ಲಿ ಒಂದು ನಂಬರ್ ಹೆಚ್ಚು ನಯಕ್ಕೆ ಹೋಗಿ. ಉಳಿದ ಕಡೆ 220 ದಾಟಬೇಡಿ. ತೀರಾ ನುಣುಪಾದ ಮರ ಬಣ್ಣ, ಎಣ್ಣೆಗಳನ್ನು ಸರಿಯಾಗಿ ಹೀರುವುದಿಲ್ಲ.

ಎತ್ತಿಡುವಾಗ

ಧೂಳಿನ ಚೀಲವನ್ನು ಅದೇ ದಿನ ಹೊರಗೆ ಖಾಲಿ ಮಾಡಿ. ಹಳೇ ವಾರ್ನಿಶ್ ಉಜ್ಜಿದ ನಯ ಧೂಳು ರಾಶಿಯಲ್ಲಿ ಬಿಸಿಯೇರಿ ಹೊತ್ತಿಕೊಳ್ಳಬಹುದು. ಅಗಸೆ ಎಣ್ಣೆ ಹಚ್ಚಿದ ಬಟ್ಟೆಯೂ ಹಾಗೆಯೇ, ಮುದ್ದೆ ಮಾಡಿ ಮೂಲೆಗೆಸೆದರೆ ಯಾರೂ ಬೆಂಕಿ ಹಚ್ಚದೆ ತಾನಾಗಿ ಉರಿಯುತ್ತದೆ. ಹೊರಗೆ ಬಿಡಿಸಿ ಒಣಹಾಕಿ, ಇಲ್ಲವೇ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿಡಿ.

ಮಿಷನ್ನಿನ ಗಾಳಿ ಕಿಂಡಿಗಳನ್ನು ಬ್ರಷ್ಷಿನಲ್ಲಿ ಒರೆಸಿ. ಒಳಗೆ ಕಿಡಿ ಜಾಸ್ತಿ ಕಾಣತೊಡಗಿದರೆ ಕಾರ್ಬನ್ ಬ್ರಷ್ (ತಿರುಗುವ ಮೋಟಾರಿಗೆ ಕರೆಂಟು ಮುಟ್ಟಿಸುವ ಸಣ್ಣ ತುಂಡು) ಸವೆದಿದೆ, ಬದಲಿಸಿ. ಮಳೆಗಾಲದಲ್ಲಿ ಪೇಪರ್ ತೇವಕ್ಕೆ ಸುರುಳಿಯಾಗಿ, ಕಾಳು ಉದುರಿ ಹಾಳಾಗುತ್ತದೆ. ನಾನು ಬಿಲ್ಲೆಗಳನ್ನೆಲ್ಲ ನಂಬರ್ ಪ್ರಕಾರ ಜೋಡಿಸಿ, ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಮೇಲೊಂದು ಚಪ್ಪಟೆ ಕಲ್ಲಿಟ್ಟು ಅಡುಗೆಮನೆಯ ಅಟ್ಟದಲ್ಲಿಡುತ್ತೇನೆ. ಅಕ್ಟೋಬರಿನಲ್ಲಿ ತೆಗೆದಾಗ ಗರಿಗರಿಯಾಗಿರುತ್ತವೆ.